ಮೊದಲ ವಸಂತಕ್ಕೆ ಮ್ಯಾಂಟಲ್ ಅಲಂಕಾರ: ಹೊಸದಾಗಿ ಬಂದ ತಂಗಿಗೆ

ಅಕ್ಕಾ ಎಂದು ಕರೆದು ಕೇಳಿದ್ದೀಯ, ಹಾಗಾಗಿ ಸಲುಗೆಯಿಂದಲೇ ಬರೆಯುತ್ತೇನೆ. ಅಮೆರಿಕದ ಉತ್ತರ ಭಾಗದಲ್ಲಿ ನಿನ್ನ ಮೊದಲ ಚಳಿಗಾಲ ಮುಗಿಯುತ್ತಾ ಬಂದಿದೆ. ಬಾಡಿಗೆಗೆ ಸಿಕ್ಕಿರುವುದು ಹಳೆಯ ಮನೆ, ಹಾಲ್‌ನಲ್ಲಿ ಫೈರ್‌ಪ್ಲೇಸ್ ಇದೆ, ಅದರ ಮೇಲಿನ ಮ್ಯಾಂಟಲ್ ಹಲಗೆಯಲ್ಲಿ ಡಿಸೆಂಬರಿನಲ್ಲಿ ಇಟ್ಟ ಪೈನ್ ಸೊಪ್ಪು ಒಣಗಿ ಉದುರುತ್ತಿದೆ. ಅಕ್ಕಪಕ್ಕದವರು ಆಗಲೇ ಸ್ಪ್ರಿಂಗ್ ಅಲಂಕಾರಕ್ಕೆ ಕೈಹಾಕಿದ್ದಾರೆ. ನಾನೂ ಮಾಡಬೇಕಾ, ಮಾಡಿದರೆ ಏನಿಡಬೇಕು, ಎಲ್ಲವನ್ನೂ ಕೊಂಡೇ ತರಬೇಕಾ, ಹೊರಗೆ ಇನ್ನೂ ಹಿಮ ಬಿದ್ದಿರುವಾಗ ಇದೆಂಥ ವಸಂತ ಎಂದು ಕೇಳಿದ್ದೀಯ.

ಮಾಡಲೇಬೇಕು ಅಂತೇನೂ ಇಲ್ಲ. ಮಾಡದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೂ ಮಾಡು ಅಂತಲೇ ಹೇಳುತ್ತೇನೆ. ಇಲ್ಲಿ ವಸಂತ ಒಂದೇ ದಿನ ಬಂದಿಳಿಯುವುದಿಲ್ಲ. ತಿಂಗಳುಗಟ್ಟಲೆ ಎಳೆಎಳೆಯಾಗಿ ಬರುತ್ತದೆ, ಎರಡು ಹೆಜ್ಜೆ ಮುಂದೆ ಬಂದು ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಹೀಟರ್ ಹಾಕಿಕೊಂಡು ಒಳಗೇ ಕೂತವರಿಗೆ ಅದರ ಅರ್ಧ ಕಾಣಿಸುವುದೇ ಇಲ್ಲ. ಮ್ಯಾಂಟಲ್ ಮೇಲೆ ಏನಾದರೂ ಇಡಬೇಕು ಅಂದುಕೊಂಡರೆ ನೀನು ವಾರವಾರ ಹೊರಗೆ ಹೋಗಿ ಯಾವ ಗಿಡದಲ್ಲಿ ಏನಾಗಿದೆ ಎಂದು ನೋಡಲೇಬೇಕಾಗುತ್ತದೆ. ಹೊಸ ಊರಿನ ಋತು ಪರಿಚಯವಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅದಕ್ಕೇ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಅಲಂಕಾರದ ಸೆಟ್ ಬೇಡ ಅನ್ನುವುದು. ಅದನ್ನು ಫೆಬ್ರವರಿಯಲ್ಲಿ ಇಟ್ಟರೂ ಒಂದೇ, ಮೇ ತಿಂಗಳಲ್ಲಿ ಇಟ್ಟರೂ ಒಂದೇ.

ಅಲಂಕಾರಕ್ಕೆ ಮೊದಲು ಖಾಲಿ ಮಾಡುವ ಕೆಲಸ. ಹಲಗೆಯ ಮೇಲಿರುವುದನ್ನೆಲ್ಲ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೆರಡು ದಿನ ಹಾಗೇ ಬರಿದಾಗಿ ಬಿಡು. ಚಳಿಗಾಲವೆಲ್ಲ ಬೆಂಕಿ ಹಾಕಿದ್ದರೆ ಬಟ್ಟೆಗೆ ಎಷ್ಟು ಮಸಿ ಹತ್ತುತ್ತದೆ ಎಂದು ನೀನೇ ನೋಡುತ್ತೀಯ. ಹಳೆಯ ಮನೆ ಎಂದಿದ್ದೀಯಲ್ಲ, ಇಲ್ಲಿ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಮನೆಗಳಿಗೆ ಸೀಸ ಬೆರೆಸಿದ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಿಂದೆ ಕಟ್ಟಿದ ಮನೆಯಾದರೆ ಮ್ಯಾಂಟಲ್‌ನ ಮರದ ಮೇಲಿನ ಹಳೆಯ ಪದರಗಳಲ್ಲಿ ಸೀಸ ಇರಬಹುದು. ಬಣ್ಣ ಎದ್ದು ಬರುತ್ತಿದ್ದರೆ ಕೆರೆಯಬೇಡ, ಮರಳು ಕಾಗದ ಹಾಕಿ ಉಜ್ಜಬೇಡ, ಮನೆಯ ಮಾಲೀಕರಿಗೆ ತಿಳಿಸು. ಅಂಥ ಮನೆಯನ್ನು ಬಾಡಿಗೆಗೆ ಕೊಡುವಾಗ ಸೀಸದ ಬಗ್ಗೆ ತಮಗೆ ಗೊತ್ತಿರುವುದನ್ನು ಕರಾರಿಗೆ ಮೊದಲೇ ತಿಳಿಸಬೇಕು ಎಂದು ಕಾನೂನಿದೆ. ನೀನು ಸಹಿ ಮಾಡಿದ ಕಾಗದಗಳ ನಡುವೆ ಅದು ಇರುತ್ತದೆ, ತೆಗೆದು ಓದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇವತ್ತೇ ಓದು.

ಆಮೇಲೆ ಬೂದಿ. ತಣ್ಣಗಾದಂತೆ ಕಾಣುವ ಬೂದಿಯ ಅಡಿಯಲ್ಲಿ ಕೆಂಡ ಮೂರು ನಾಲ್ಕು ದಿನ ಜೀವ ಹಿಡಿದಿರುವುದುಂಟು. ಅದನ್ನು ಪ್ಲಾಸ್ಟಿಕ್ ಚೀಲಕ್ಕೂ ಕಾಗದದ ಡಬ್ಬಕ್ಕೂ ಹಾಕಬೇಡ. ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ, ಗೋಡೆಯಿಂದಲೂ ಮರದ ಡೆಕ್‌ನಿಂದಲೂ ದೂರ ಇಡು. ಪೂರ್ತಿ ಆರಿದ ಮೇಲೆ ತೋಟಕ್ಕೆ ಸ್ವಲ್ಪ ಸ್ವಲ್ಪ ಹಾಕಬಹುದು. ಆದರೆ ಅದು ಕ್ಷಾರ, ಅಜೇಲಿಯಾ, ಬ್ಲೂಬೆರಿಯಂಥ ಹುಳಿಮಣ್ಣಿನ ಗಿಡಗಳ ಬುಡಕ್ಕೆ ಬೇಡ. ಚಿಮಣಿಯನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು ಎನ್ನುತ್ತದೆ ಇಲ್ಲಿನ ಅಗ್ನಿಸುರಕ್ಷೆಯ ಮಾನದಂಡ. ಅದಕ್ಕೆ ಸರಿಯಾದ ಕಾಲ ಇದೇ, ವಸಂತದ ಆರಂಭ.

ಇದೇ ಕಾಲ ಎನ್ನಲು ಒಂದು ಹಕ್ಕಿಯೂ ಕಾರಣ, ಅದರ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಚಿಮ್ನಿ ಸ್ವಿಫ್ಟ್ ಎಂಬ ಪುಟ್ಟ ಕಂದು ಹಕ್ಕಿ ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ, ಅಮೆಜಾನ್ ನದಿಯ ಮೇಲ್ಭಾಗದ ಕಡೆ ಕಳೆದು, ವಸಂತದಲ್ಲಿ ಈ ದೇಶದ ಪೂರ್ವಾರ್ಧಕ್ಕೆ ಬರುತ್ತದೆ. ಉಳಿದ ಹಕ್ಕಿಗಳಂತೆ ರೆಂಬೆಯ ಮೇಲೆ ಕೂರಲು ಅದಕ್ಕೆ ಬರುವುದಿಲ್ಲ. ನೇರ ನಿಂತ ಒರಟು ಗೋಡೆಗೆ ಉಗುರು ಸಿಕ್ಕಿಸಿ ಅಂಟಿಕೊಳ್ಳುತ್ತದೆ. ಹಿಂದೆ ಪೊಳ್ಳು ಮರಗಳಲ್ಲಿ ಇರುತ್ತಿದ್ದದ್ದು ಈಗ ಬಹುಮಟ್ಟಿಗೆ ಹಳೆಯ ಇಟ್ಟಿಗೆ ಚಿಮಣಿಗಳನ್ನೇ ನಂಬಿದೆ. ಸಣ್ಣ ಕಡ್ಡಿಗಳನ್ನು ತನ್ನ ಜೊಲ್ಲಿನಿಂದಲೇ ಗೋಡೆಗೆ ಅಂಟಿಸಿ ಅರ್ಧ ತಟ್ಟೆಯಾಕಾರದ ಗೂಡು ಕಟ್ಟುತ್ತದೆ. 1918ರ ವಲಸೆ ಹಕ್ಕಿಗಳ ಕಾಯಿದೆಯಡಿ ಅದಕ್ಕೆ ರಕ್ಷಣೆ ಇದೆ, ಮೊಟ್ಟೆ ಮರಿ ಇರುವ ಗೂಡನ್ನು ತೆಗೆಯುವ ಹಾಗಿಲ್ಲ. ಆದ್ದರಿಂದ ಅದು ಬರುವ ಮೊದಲೇ ಚಿಮಣಿ ಗುಡಿಸಬೇಕು. ಮುಂದೆ ಯಾವತ್ತಾದರೂ ಮ್ಯಾಂಟಲ್ ಹತ್ತಿರ ನಿಂತಾಗ ಒಳಗಿನಿಂದ ಚಿಲಿಪಿಲಿ ಗದ್ದಲ ಕೇಳಿಸಿದರೆ ಹೆದರಬೇಡ. ಡ್ಯಾಂಪರ್, ಅಂದರೆ ಹೊಗೆಕೊಳವೆಯ ಬಾಗಿಲು, ಮುಚ್ಚಿಯೇ ಇರಲಿ. ಬೆಂಕಿ ಹಚ್ಚಬೇಡ. ಬೇಸಿಗೆ ಕಳೆಯುವುದರೊಳಗೆ ಅವು ಹಾರಿಹೋಗುತ್ತವೆ.

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ಏನಿಡಬೇಕು?

ನನ್ನನ್ನು ಕೇಳಿದರೆ ಮೊದಲಿಗೆ ಫಾರ್ಸಿಥಿಯಾ ರೆಂಬೆ. ನಿನ್ನ ಬೀದಿಯಲ್ಲಿ ಬೇಲಿಯಂತೆ ಬೆಳೆದ ಬರೀ ಕಡ್ಡಿಗಳ ಪೊದೆ ಕಂಡಿರುತ್ತೀಯ, ಕಂದು ಬಣ್ಣದ್ದು, ಸತ್ತೇಹೋಗಿದೆ ಅನ್ನಿಸುವಂಥದ್ದು. ಅದರ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕೂತಾಗಿದೆ, ಚಳಿಯನ್ನು ಉಂಡು ಮುಗಿಸಲು ಕಾಯುತ್ತಿದೆ ಅಷ್ಟೆ. ಆರೇಳು ವಾರದ ಚಳಿ ಆದ ಮೇಲೆ, ಅಂದರೆ ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ, ಹಿಮ ಕರಗುವಷ್ಟು ಬಿಸಿಲಿರುವ ಒಂದು ದಿನ ನೋಡಿ ನಾಲ್ಕಾರು ರೆಂಬೆ ಕತ್ತರಿಸು. ನಿನ್ನ ಅಂಗಳದಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳು, ಅದು ಬಲು ಬೇಗ ಬೆಳೆಯುವ ಪೊದೆ, ಬೇಡ ಅನ್ನುವವರು ಕಡಿಮೆ. ಸಾರ್ವಜನಿಕ ಪಾರ್ಕಿನಲ್ಲಿ ಮಾತ್ರ ಕೈ ಹಾಕಬೇಡ. ಸಪೂರವಾಗಿ ಕಡ್ಡಿಗೆ ಅಂಟಿಕೊಂಡಿರುವುದು ಎಲೆಮೊಗ್ಗು, ದುಂಡಗೆ ಉಬ್ಬಿ ಗುಂಪುಗುಂಪಾಗಿ ಇರುವುದು ಹೂಮೊಗ್ಗು. ದುಂಡಗಿರುವುದು ಹೆಚ್ಚಿರುವ ರೆಂಬೆಯನ್ನೇ ಆರಿಸು.

ತಂದ ರೆಂಬೆಯ ಬುಡವನ್ನು ಓರೆಯಾಗಿ ಮತ್ತೊಮ್ಮೆ ಕತ್ತರಿಸಿ, ಒಂದಿಂಚು ಸೀಳಿ, ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸು. ನೇರ ಮ್ಯಾಂಟಲ್‌ಗೆ ಏರಿಸಬೇಡ. ಕೆಳಗೆ ಬೆಂಕಿ ಹಾಕಿದಾಗ ಏಳುವ ಒಣ ಶಾಖಕ್ಕೆ ಮೊಗ್ಗು ಬಿರಿಯುವ ಮೊದಲೇ ಒಣಗುತ್ತದೆ. ಬಿಸಿಲು ನೇರವಾಗಿ ಬೀಳದ ತಂಪು ಮೂಲೆಯಲ್ಲಿರಲಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸು. ಒಂದರಿಂದ ಮೂರು ವಾರದಲ್ಲಿ ಬಿರಿಯುತ್ತದೆ, ತಡವಾಗಿ ಕತ್ತರಿಸಿದಷ್ಟೂ ಬೇಗ ಬಿರಿಯುತ್ತದೆ. ದಿನಾ ಬೆಳಿಗ್ಗೆ ಹತ್ತಿರ ಹೋಗಿ ನೋಡು. ಮೊದಲು ಕಂದು ಹೊರಪದರ ತುದಿಯಲ್ಲಿ ಸ್ವಲ್ಪ ಸಡಿಲಾಗಿ, ಸೂಜಿಮೊನೆಯಷ್ಟು ಹಳದಿ ಇಣುಕುತ್ತದೆ. ಮರುದಿನಕ್ಕೆ ಅದು ಬಿಗಿಯಾಗಿ ಸುತ್ತಿದ ಸುರುಳಿ. ಆಮೇಲೆ ಒಂದು ದಿನ ನಾಲ್ಕು ಎಸಳು ಬಿಚ್ಚಿ ಕೆಳಮುಖವಾಗಿ ತೂಗುತ್ತವೆ, ಒಂದೆಲೆಯೂ ಇಲ್ಲದ ಕಡ್ಡಿಯ ತುಂಬ. ಹಳದಿ ಇಣುಕಿದ ಮೇಲೆ ಮ್ಯಾಂಟಲ್‌ಗೆ ತಾ. ಅಷ್ಟು ದಿನ ಬಿಳಿ ಬೂದು ಬಿಟ್ಟು ಬೇರೆ ಬಣ್ಣ ಕಾಣದ ಕಣ್ಣಿಗೆ ಅದು ಏನು ಮಾಡುತ್ತದೆ ಎಂಬುದನ್ನು ನಾನು ಹೇಳುವುದಕ್ಕಿಂತ ನೀನೇ ನೋಡಬೇಕು.

ಮುಂದಿನದನ್ನು ಅಂಗಳವೇ ಹೇಳಿಕೊಡುತ್ತದೆ. ಹಿಮದ ಅಂಚಿನಲ್ಲೇ ಮೊದಲು ಸ್ನೋಡ್ರಾಪ್, ಕ್ರೋಕಸ್. ಇವು ಗಿಡ್ಡ, ಒಂದು ಪುಟ್ಟ ಗಾಜಿನ ಲೋಟ ಸಾಕು. ಪುಸ್ಸಿ ವಿಲೋದ ಬೂದುಬಣ್ಣದ ಮೆತ್ತನೆಯ ಕುಚ್ಚುಗಳು ಅರಳಿದ ಮೇಲೆ ಅವಕ್ಕೆ ನೀರೇ ಬೇಡ, ಒಣಗಿಸಿಟ್ಟರೆ ವರ್ಷಗಟ್ಟಲೆ ಉಳಿಯುತ್ತವೆ, ನೀರಿನಲ್ಲಿಟ್ಟರೆ ಹಳದಿ ಪರಾಗ ಉದುರಿಸಿ ಬೇರು ಬಿಡುತ್ತವೆ. ಆಮೇಲೆ ಡ್ಯಾಫೊಡಿಲ್. ಅದರ ದಂಟಿನಿಂದ ಒಸರುವ ಲೋಳೆ ಬೇರೆ ಹೂಗಳನ್ನು, ಮುಖ್ಯವಾಗಿ ಟ್ಯೂಲಿಪ್ ಅನ್ನು, ಬೇಗ ಬಾಡಿಸುತ್ತದೆ. ಒಟ್ಟಿಗೆ ಇಡಲೇಬೇಕೆಂದರೆ ಡ್ಯಾಫೊಡಿಲ್ ಅನ್ನು ಒಂದು ರಾತ್ರಿ ಬೇರೆ ನೀರಿನಲ್ಲಿಟ್ಟು, ಮತ್ತೆ ದಂಟು ಕತ್ತರಿಸದೆ ಸೇರಿಸು. ನನಗಂತೂ ಅದು ಒಂಟಿಯಾಗಿ ಇದ್ದರೇ ಚೆನ್ನ. ಟ್ಯೂಲಿಪ್ ಕತ್ತರಿಸಿದ ಮೇಲೂ ಬೆಳೆಯುತ್ತದೆ, ಬೆಳಕಿರುವ ಕಡೆಗೆ ಬಾಗುತ್ತದೆ. ಸೋಮವಾರ ನೇರ ನಿಲ್ಲಿಸಿದ್ದು ಗುರುವಾರಕ್ಕೆ ಕಿಟಕಿಯ ಕಡೆ ಕತ್ತು ಚಾಚಿ ನಿಂತಿರುತ್ತದೆ. ಅದನ್ನು ಸರಿಮಾಡಲು ಹೋಗಬೇಡ, ಆ ಬಾಗು ಮ್ಯಾಂಟಲ್‌ನ ನೆಟ್ಟನೆಯ ಗೆರೆಗೆ ಬಹಳ ಒಪ್ಪುತ್ತದೆ. ಮೇ ತಿಂಗಳ ಹೊತ್ತಿಗೆ ಲೈಲಾಕ್, ಅದರ ಪರಿಮಳ ಬಂತೆಂದರೆ ಚಳಿಗಾಲ ನಿಜವಾಗಿ ಮುಗಿಯಿತು ಎಂದೇ ಲೆಕ್ಕ.

ವಿಷದ ವಿಷಯ ಮರೆಯಬೇಡ. ಬೆಕ್ಕು ಸಾಕಿದ್ದರೆ ಲಿಲ್ಲಿ ಹೂವನ್ನು ಮನೆಯೊಳಗೇ ತರಬೇಡ, ಮೈಮೇಲೆ ಬಿದ್ದ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ಬೆಕ್ಕಿಗೆ ಮ್ಯಾಂಟಲ್ ಏನೂ ಎತ್ತರವಲ್ಲ. ಡ್ಯಾಫೊಡಿಲ್ ಗೆಡ್ಡೆ ನೋಡಲು ಈರುಳ್ಳಿಯಂತೆ ಇರುತ್ತದೆ, ತಿನ್ನುವಂಥದ್ದಲ್ಲ. ಹಯಸಿಂತ್ ಗೆಡ್ಡೆ ಮುಟ್ಟಿದರೆ ಕೆಲವರಿಗೆ ಕೈ ತುರಿಸುತ್ತದೆ, ಕೈಗವಸು ಹಾಕಿಕೊ.

ಜೋಡಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಸ ಸಂಖ್ಯೆಯಲ್ಲಿಡು, ತ್ರಿಕೋನ ಮಾಡು ಎಂದೆಲ್ಲ ಸಲಹೆಗಳು ಸಿಗುತ್ತವೆ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಡ. ಎತ್ತರದ್ದು ಒಂದನ್ನು ನಡುವೆ ಇಡದೆ ಒಂದು ಪಕ್ಕಕ್ಕೆ ಸರಿಸು, ಇನ್ನೊಂದು ಪಕ್ಕ ತಗ್ಗಿನದು ಎರಡಿಡು, ನಡುವೆ ಖಾಲಿ ಜಾಗ ಬಿಡು. ಆ ಖಾಲಿ ಜಾಗವೇ ಹೂವನ್ನು ತೋರಿಸುವುದು. ನಿಂತು ಜೋಡಿಸಿದರೂ ಕೂತು ನೋಡಿ ತೀರ್ಮಾನ ಮಾಡು, ಯಾಕೆಂದರೆ ದಿನವೂ ಕೂತೇ ನೋಡುತ್ತೀಯ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವ ಬದಲು ಒಂದು ಕನ್ನಡಿಯನ್ನು ಗೋಡೆಗೆ ಒರಗಿಸಿಡು, ಜಾರದಂತೆ ಅಡಿಗೆ ರಬ್ಬರ್ ತುಂಡು ಕೊಡು. ಕನ್ನಡಿಯ ಎದುರು ಕಿಟಕಿ ಬರುವಂತೆ ನೋಡಿಕೊ. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ. ಅಲ್ಲಿಂದಾಚೆಗೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಇನ್ನೂ ಬೆಳಕಿರುತ್ತದೆ, ಆ ಸಂಜೆಯ ಬೆಳಕು ಕನ್ನಡಿಯಿಂದ ಹಾಲ್‌ಗೆಲ್ಲ ಹರಡುತ್ತದೆ. ಹಲಗೆ ಅಗಲ ಕಡಿಮೆ ಇದ್ದರೆ ಹೂದಾನಿಯ ತಳಕ್ಕೆ ನಾಲ್ಕು ಬೆಣಚುಕಲ್ಲು ಹಾಕು, ಉದ್ದ ರೆಂಬೆಯ ಭಾರಕ್ಕೆ ಮಗುಚುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರು. ಏಪ್ರಿಲ್‌ನಲ್ಲೂ ಹಿಮ ಬೀಳಬಹುದು, ನೀನು ಮತ್ತೆ ಬೆಂಕಿ ಹಚ್ಚುತ್ತೀಯ. ಮ್ಯಾಂಟಲ್‌ನಿಂದ ಕೆಳಕ್ಕೆ ಇಳಿಬಿದ್ದ ಬಳ್ಳಿ, ಬಟ್ಟೆಯ ಹೂವು, ಕಾಗದದ ತೋರಣ, ಒಣ ಪಾಚಿ, ಇವೆಲ್ಲ ಆಗ ಅಲ್ಲಿರಬಾರದು. ಇಟ್ಟಿಗೆಯ ಫೈರ್‌ಪ್ಲೇಸ್ ಕಟ್ಟುವಾಗಲೇ ಅದರ ಬಾಯಿಯಿಂದ 6 ಇಂಚಿನೊಳಗೆ ಮರ ಇರಬಾರದು ಎನ್ನುತ್ತದೆ ಇಲ್ಲಿನ ಮನೆಕಟ್ಟುವ ನಿಯಮ. 12 ಇಂಚಿನವರೆಗೆ ಇರುವ ಮರವೂ ದೂರದ ಪ್ರತಿ ಇಂಚಿಗೆ 1/8 ಇಂಚಿಗಿಂತ ಹೆಚ್ಚು ಮುಂದೆ ಚಾಚಿರಬಾರದು. ಅಂದರೆ 8 ಇಂಚು ದೂರದ ಪಟ್ಟಿ ಒಂದೇ ಇಂಚು ಮುಂದೆ ಬರಬಹುದು. ಗಟ್ಟಿ ಮರಕ್ಕೇ ಇಷ್ಟು ಲೆಕ್ಕವಿರುವಾಗ ಇಳಿಬಿದ್ದ ಬಟ್ಟೆ ಹೂವಿನ ಗತಿ ಯೋಚಿಸು. ನಿನ್ನದು ಗ್ಯಾಸಿನದಾದರೆ ಒಂದು ಗಂಟೆ ಉರಿಸಿ, ಹಲಗೆಯ ಮೇಲೆ ಕೈಯಿಟ್ಟು ನೋಡು. ಕೈ ಇಡಲಾಗದಷ್ಟು ಬಿಸಿಯಿದ್ದರೆ ಬೆಂಕಿ ಹಾಕುವ ದಿನ ಹೂದಾನಿಗಳನ್ನೆಲ್ಲ ಮೇಜಿಗೆ ಇಳಿಸುವುದೇ ಸರಿ.

ಬೆಂಕಿಯ ಕಾಲ ಪೂರ್ತಿ ಮುಗಿದ ಮೇಲೆ ಉಳಿಯುವುದು ಕೆಳಗಿನ ಆ ಕಪ್ಪು ಬಾಯಿ. ಬಿಳಿ ತೊಗಟೆಯ ಬರ್ಚ್ ಮರದ ತುಂಡುಗಳನ್ನು ಒಟ್ಟಿದರೆ ಕತ್ತಲೆ ಒಡೆದಂತಾಗುತ್ತದೆ. ಫರ್ನ್ ಕುಂಡ ಇಡುವುದಾದರೆ ಎರಡಿರಲಿ, ಒಂದು ಒಳಗಿದ್ದಾಗ ಇನ್ನೊಂದು ಕಿಟಕಿಯ ಹತ್ತಿರ ಇರಲಿ, ವಾರಕ್ಕೊಮ್ಮೆ ಅದಲುಬದಲು ಮಾಡು. ಅಲ್ಲಿ ಬೆಳಕು ಸಾಲದು, ಒಂದನ್ನೇ ಬಿಟ್ಟರೆ ಸೊರಗುತ್ತದೆ.

ಕೊಳ್ಳುವುದು ಏನಾದರೂ ಇದ್ದರೆ ಗಿಡ ಕತ್ತರಿಸುವ ಒಂದು ಒಳ್ಳೆಯ ಕತ್ತರಿ, ಭಾರದ ತಳವಿರುವ ಒಂದು ಎತ್ತರದ ಹೂದಾನಿ. ಪುಟ್ಟವಕ್ಕೆ ಮನೆಯಲ್ಲಿರುವ ಲೋಟ, ಸೀಸೆಗಳೇ ಸಾಕು. ನಿನ್ನ ಫೈರ್‌ಪ್ಲೇಸ್ ಕಟ್ಟಿಗೆಯದೋ ಗ್ಯಾಸಿನದೋ ಬರೆದಿಲ್ಲ, ಹಾಲ್‌ನ ಕಿಟಕಿ ಯಾವ ದಿಕ್ಕಿಗಿದೆ ಎಂಬುದನ್ನೂ ಬರೆದಿಲ್ಲ. ಅವೆರಡನ್ನು ತಿಳಿಸು, ಕನ್ನಡಿ ಎಲ್ಲಿಡಬೇಕು, ಹೂವು ಯಾವ ಪಕ್ಕಕ್ಕಿರಬೇಕು ಎಂದು ಇನ್ನೂ ಸರಿಯಾಗಿ ಹೇಳುತ್ತೇನೆ. ಅಷ್ಟರಲ್ಲಿ ಈ ಶನಿವಾರ ಬಿಸಿಲು ಬಂದರೆ ಆ ಒಣಗಿದ ಪೈನ್ ಸೊಪ್ಪನ್ನು ತೆಗೆದು ಹಾಕು. ಅದು ಈಗ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ಸ್ಥಿತಿಯಲ್ಲಿರುತ್ತದೆ.