ಕೈಗೆ ಕರೆಂಟ್ ಕೊಡ್ತಾರಂತೆ, ಹೋಗಬಹುದಾ ಡಾಕ್ಟ್ರೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ನರದ ಟೆಸ್ಟ್ ಬಗ್ಗೆಯೇ ಇವೆ. ಅದರಲ್ಲಿ ಒಂದು ತುಂಬಾ ಅರ್ಜೆಂಟ್ ಇದ್ದದ್ದು, ಅದನ್ನೇ ಮೊದಲು ಹಾಕಿದ್ದೇನೆ.

ನನ್ನ ತಮ್ಮನಿಗೆ 28 ವರ್ಷ. ಎರಡು ವಾರದ ಹಿಂದೆ ಭೇದಿಯಾಗಿ ವಾಸಿಯಾಗಿತ್ತು. ಈಗ ನಾಲ್ಕು ದಿನದಿಂದ ಎರಡೂ ಪಾದ ಜುಮ್ ಅನ್ನುತ್ತಿವೆ. ನಿನ್ನೆಯಿಂದ ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಕೂತರೆ ಕೈ ಊರಿ ಏಳಬೇಕು. ನರದ ಟೆಸ್ಟ್‌ಗೆ ಮುಂದಿನ ಬುಧವಾರ ಬರಲು ಹೇಳಿದ್ದಾರೆ. ಅಲ್ಲಿವರೆಗೆ ಕಾಯಬಹುದಾ?
– ಚಿಂತಾಮಣಿ ತಾಲ್ಲೂಕಿನ ಓದುಗರು

ಕಾಯಬೇಡಿ. ಇದು ವಾಟ್ಸಾಪ್‌ನಲ್ಲಿ ಬಂದ ಪ್ರಶ್ನೆ, ನೋಡಿದ ಕೂಡಲೇ ಇವರಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಅವತ್ತು ರಾತ್ರಿಯೇ ತಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಆದರೂ ಇಲ್ಲಿ ಬರೆಯುತ್ತಿರುವುದು, ಇದೇ ಪರಿಸ್ಥಿತಿಯಲ್ಲಿ ಇನ್ನೊಂದು ಮನೆಯವರು ಬುಧವಾರಕ್ಕೆ ಕಾಯುತ್ತಾ ಕೂತಿರಬಾರದು ಅಂತ.

ಭೇದಿ ಅಥವಾ ಜ್ವರ ಬಂದು ಹೋದ ಒಂದರಿಂದ ಮೂರು ವಾರದೊಳಗೆ ಪಾದದಿಂದ ಜೋಮು ಶುರುವಾಗಿ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಮೇಲೆ ಏರುತ್ತಿದ್ದರೆ ಗಿಲ್ಲನ್ ಬಾರೆ ಅನ್ನುವ ಕಾಯಿಲೆ ಇರಬಹುದು. ಸೋಂಕಿನ ವಿರುದ್ಧ ಎದ್ದ ನಮ್ಮ ಮೈಯ ರಕ್ಷಣಾ ಶಕ್ತಿಯೇ ತಪ್ಪಿ ನರದ ಮೇಲೆ ತಿರುಗಿ ಬೀಳುತ್ತದೆ. ಕಾಲಿಗಿಂತ ದೊಡ್ಡ ಭಯ ಉಸಿರಿನದು. ರೋಗಿಗೆ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳಿ. 20ರ ತನಕ ಹೋಗಲು ಕಷ್ಟಪಟ್ಟರೆ, ನುಂಗಲು ಆಗದಿದ್ದರೆ, 108ಕ್ಕೆ ಫೋನ್ ಮಾಡಿ. ಸಲೀಸಾಗಿ ಎಣಿಸಿದರು ಅಂತ ಮನೆಯಲ್ಲಿ ಉಳಿಯಬೇಡಿ, ಆಗಲೂ ಅವತ್ತೇ ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಬೇಕು.

ಇನ್ನೊಂದು ಮಾತು. ಈ ಕಾಯಿಲೆಯಲ್ಲಿ ಮೊದಲ ವಾರ ನರದ ಟೆಸ್ಟ್ ನಾರ್ಮಲ್ ಬರಬಹುದು. ಕೈಕಾಲು ಮುಟ್ಟಿ, ಸುತ್ತಿಗೆಯಿಂದ ಮಂಡಿ ತಟ್ಟಿ ನೋಡಿದ ಡಾಕ್ಟರಿಗೆ ಅನುಮಾನ ಬಂದರೆ ರಿಪೋರ್ಟ್‌ಗೆ ಕಾಯದೆಯೇ ಚಿಕಿತ್ಸೆ ಶುರು ಮಾಡುತ್ತಾರೆ. ಅದೇ ಸರಿ.

ನಮ್ಮ ಅತ್ತೆಗೆ 52 ವರ್ಷ. ಮನೆಯಲ್ಲಿ ನಾಲ್ಕು ಸೀಮೆಹಸು ಇವೆ, ದಿನಾ ಎರಡು ಹೊತ್ತು ಅವರೇ ಹಾಲು ಕರೆಯುತ್ತಾರೆ. ಒಂದು ವರ್ಷದಿಂದ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತದೆ, ಕೊಡವಿದರೆ ಸರಿಹೋಗುತ್ತದೆ. ಎನ್‌ಸಿಎಸ್ (ನರಕ್ಕೆ ಕರೆಂಟ್ ಕೊಟ್ಟು ನೋಡುವ ಟೆಸ್ಟ್), ಇಎಂಜಿ (ಮಾಂಸಖಂಡಕ್ಕೆ ಸೂಜಿ ಹಾಕಿ ನೋಡುವ ಟೆಸ್ಟ್) ಮಾಡಿಸಿ ಅಂದಿದ್ದಾರೆ. ಕೈಗೆ ಕರೆಂಟ್ ಕೊಟ್ಟು ಸೂಜಿ ಚುಚ್ಚುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದಾಗಿನಿಂದ ಅತ್ತೆ ಹೋಗಲ್ಲ ಅಂತ ಹಠ ಹಿಡಿದಿದ್ದಾರೆ.
– ಶ್ರೀನಿವಾಸಪುರ ಕಡೆಯ ಓದುಗಿ

ನಿಮ್ಮ ಅತ್ತೆಯವರಿಗೆ ಈ ಪ್ಯಾರಾ ಓದಿ ಹೇಳಿ. ಅಮ್ಮಾ, ಮೊಣಕೈ ಬಾಗಿಲಿಗೆ ತಗುಲಿದರೆ ಕಿರುಬೆರಳಿನ ತನಕ ಜುಮ್ ಅನ್ನುತ್ತಲ್ಲ, ಹೆಚ್ಚೂಕಡಿಮೆ ಅಷ್ಟೇ ಇದು. ಮಣಿಕಟ್ಟಿನ ಹತ್ತಿರ ಒಂದು ಸಲ, ಮೊಣಕೈ ಹತ್ತಿರ ಒಂದು ಸಲ ಚಿಕ್ಕ ಕರೆಂಟ್ ಮುಟ್ಟಿಸುತ್ತಾರೆ. ಹೆಬ್ಬೆರಳ ಬುಡದ ಉಬ್ಬಿಗೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಕರೆಂಟ್ ಮುಟ್ಟಿದ ತಕ್ಷಣ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಟಕ್ ಅಂತ ಹಾರುತ್ತದೆ, ಸ್ಕ್ರೀನ್ ಮೇಲೆ ಒಂದು ಗುಡ್ಡದಂಥ ಗೆರೆ ಮೂಡುತ್ತದೆ. ಈ ಕೆಲಸ ಕಲಿಯುವಾಗ ನಾವೆಲ್ಲ ಒಬ್ಬರ ಕೈಗೆ ಒಬ್ಬರು ಕರೆಂಟ್ ಕೊಟ್ಟುಕೊಂಡೇ ಕಲಿತದ್ದು. ಯಾರ ನರವೂ ಹಾಳಾಗಲಿಲ್ಲ.

ಟೆಸ್ಟ್‌ನಲ್ಲಿ ನೋಡುವುದು ಇಷ್ಟು: ನರದಲ್ಲಿ ಸುದ್ದಿ ಎಷ್ಟು ಬೇಗ ಓಡುತ್ತದೆ, ಎಷ್ಟು ಜೋರಾಗಿ ತಲುಪುತ್ತದೆ. ಚೆನ್ನಾಗಿರುವ ನರ ಕೈಯಲ್ಲಿ ಸೆಕೆಂಡಿಗೆ ಸುಮಾರು 50 ಮೀಟರ್, ಅದಕ್ಕೂ ಜಾಸ್ತಿ ಓಡುತ್ತದೆ. ಕಾಲಲ್ಲಿ 40ರ ಮೇಲೆ. (ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದ ಮೇಲೆ ಈ ಓಟವನ್ನು ಅಳೆದು ತೋರಿಸಿದರು. ಅದಕ್ಕೆ ಮುಂಚೆ ಇದನ್ನು ಅಳೆಯೋಕೇ ಆಗಲ್ಲ ಅಂತ ದೊಡ್ಡ ದೊಡ್ಡವರೇ ನಂಬಿದ್ದರು.) ಅತ್ತೆಯವರ ತೊಂದರೆ ಕೇಳಿದರೆ ಕಾರ್ಪಲ್ ಟನಲ್ ಅನ್ನಿಸುತ್ತದೆ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ, ಒಂಬತ್ತು ಸ್ನಾಯುರಜ್ಜುಗಳ ಜೊತೆ ಒಂದು ನರವೂ ಅದರೊಳಗೆ ನುಸುಳಿ ಅಂಗೈಗೆ ಬರಬೇಕು. ದಿನಾ ಎರಡು ಹೊತ್ತು ಕೆಚ್ಚಲ ಹತ್ತಿರ ಕೂತು ಮುಷ್ಟಿ ಬಿಗಿದು ಬಿಟ್ಟು, ಬಿಗಿದು ಬಿಟ್ಟು ಮಾಡುವ ಕೈಯಲ್ಲಿ ಆ ದಾರಿ ಇನ್ನೂ ಬಿಗಿಯಾಗುತ್ತದೆ. ಆಗ ಮೊಣಕೈಯಿಂದ ಮಣಿಕಟ್ಟಿನವರೆಗೆ ಚೆನ್ನಾಗಿ ಓಡಿ ಬಂದ ಸುದ್ದಿ ಮಣಿಕಟ್ಟು ದಾಟುವಾಗ ಮಾತ್ರ ತಡವಾಗುತ್ತದೆ. ಎಲ್ಲಿ ತಡ ಅಂತ ಹೀಗೆ ಜಾಗ ತೋರಿಸುವುದರಿಂದಲೇ ಈ ಟೆಸ್ಟ್ ಬೇಕು.

ಅತ್ತೆಯವರನ್ನು ಒಂದು ವಿಷಯ ಕೇಳಿ ಬರೆದಿಟ್ಟುಕೊಳ್ಳಿ. ಜೋಮು ಹಿಡಿದಾಗ ಕಿರುಬೆರಳೂ ಜೋಮು ಹಿಡಿಯುತ್ತಾ? ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧ ಮಾತ್ರ ಅಂದರೆ ಮಣಿಕಟ್ಟಿನ ನರ. ಕಿರುಬೆರಳೂ ಸೇರಿದ್ದರೆ ಮೊಣಕೈ ಇಲ್ಲವೇ ಕುತ್ತಿಗೆ ಕಡೆ ಹುಡುಕಬೇಕಾಗಬಹುದು. ಎಷ್ಟೋ ಜನ ಸುಮ್ನೆ ‘ಕೈ ಜೋಮು’ ಅಂತಾರೆ, ಯಾವ ಬೆರಳು ಅಂತ ಹೇಳುವುದೇ ಇಲ್ಲ.

ಸೂಜಿಯ ಭಯಕ್ಕೆ ಬರೋಣ. ಅದು ಇಎಂಜಿ. ಎಲ್ಲರಿಗೂ ಬೇಕಾಗುವುದಿಲ್ಲ. ಆ ಸೂಜಿಯಲ್ಲಿ ಕರೆಂಟೂ ಬರುವುದಿಲ್ಲ, ಔಷಧಿಯೂ ಇರುವುದಿಲ್ಲ, ಅದು ಬರೀ ಕಿವಿಗೊಟ್ಟು ಕೇಳುವ ಸೂಜಿ. ಮಾಂಸಖಂಡ ಸುಮ್ಮನಿದ್ದಾಗ ಮಷಿನ್‌ನ ಸ್ಪೀಕರ್ ಕೂಡ ಸುಮ್ಮನಿರಬೇಕು. ನರದ ಸಂಬಂಧ ಕಡಿದ ಖಂಡವಾದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಚಟ ಸದ್ದು ಕೇಳಿಸುತ್ತದೆ. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು, ಅಷ್ಟೇ.

ತಡ ಮಾಡಬೇಡಿ ಅಂತ ಹೇಳಲು ಕಾರಣ ಇದೆ. ಹೆಬ್ಬೆರಳ ಬುಡದ ಉಬ್ಬು ಕರಗಿ ಹಳ್ಳ ಬಿದ್ದ ಮೇಲೆ ಬರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಷ್ಟು ಹೊತ್ತಿಗೆ ಆಪರೇಷನ್ ಮಾಡಿದರೂ ಪೂರ್ತಿ ಶಕ್ತಿ ವಾಪಸ್ ಬರುವುದು ಕಷ್ಟ. ಈಗಲೇ ಆದರೆ ರಾತ್ರಿ ಮಣಿಕಟ್ಟು ನೆಟ್ಟಗಿಡುವ ಪಟ್ಟಿ, ಬೇಕಾದರೆ ಒಂದು ಇಂಜೆಕ್ಷನ್, ಇಷ್ಟರಲ್ಲೇ ಎಷ್ಟೋ ಜನರಿಗೆ ಆರಾಮಾಗುತ್ತದೆ. ಥೈರಾಯ್ಡ್, ಶುಗರ್ ಕೂಡ ನೋಡಿಸಿ. ಹಾಲು ಕರೆಯುವ ಮಷಿನ್ ತರಲು ಆಗುತ್ತಾ ನೋಡಿ, ಆಗದಿದ್ದರೆ ಒಂದು ಹೊತ್ತಾದರೂ ಮನೆಯ ಗಂಡಸರು ಕರೆಯಲಿ.

ನಮ್ಮ ತಂದೆಗೆ ಹನ್ನೆರಡು ವರ್ಷದಿಂದ ಶುಗರ್. ರಾತ್ರಿ ಅಂಗಾಲಿಗೆ ಖಾರದ ಪುಡಿ ಹಚ್ಚಿದ ಹಾಗೆ ಉರಿ ಅಂತಾರೆ. ನರದ ಟೆಸ್ಟ್ ಮಾಡಿಸಿದೆವು, ನಾರ್ಮಲ್ ಬಂತು. ಹಾಗಾದರೆ ಅವರಿಗೆ ಬರೀ ಮನಸ್ಸಿನ ಭ್ರಮೆಯಾ?
– ತಿಪಟೂರಿನ ಓದುಗರು

ಭ್ರಮೆ ಅಲ್ಲ. ದಯವಿಟ್ಟು ಅವರ ಮುಂದೆ ಆ ಮಾತು ಆಡಬೇಡಿ. ಈ ಟೆಸ್ಟ್‌ಗೆ ಕಾಣುವುದು ದಪ್ಪ ನರದ ಎಳೆಗಳು ಮಾತ್ರ. ಉರಿ, ನೋವು, ಬಿಸಿ ಇವನ್ನೆಲ್ಲ ಹೊತ್ತು ತರುವುದು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆಗಳು, ಅವು ಇದರಲ್ಲಿ ಸಿಗುವುದೇ ಇಲ್ಲ. ಶುಗರ್‌ನಲ್ಲಿ ಮೊದಲು ಪೆಟ್ಟು ಬೀಳುವುದು ಎಷ್ಟೋ ಸಲ ಅವಕ್ಕೇ. ತೀರಾ ಅನುಮಾನ ಇದ್ದರೆ ಚರ್ಮದ 3 ಮಿಲಿಮೀಟರಿನ ಚೂರು ತೆಗೆದು ಆ ಎಳೆಗಳನ್ನು ಎಣಿಸುವ ಪರೀಕ್ಷೆಯೂ ಇದೆ. ಆದರೆ ಶುಗರ್ ಇರುವವರಲ್ಲಿ ಡಾಕ್ಟರು ಮಾತಾಡಿಸಿ, ಪಾದ ಪರೀಕ್ಷೆ ಮಾಡಿಯೇ ಸಾಮಾನ್ಯವಾಗಿ ಹೇಳಬಹುದು. ಉರಿಗೆ ಮಾತ್ರೆಗಳಿವೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷದಿಂದ ತಗೋತಿದ್ದರೆ ರಕ್ತದಲ್ಲಿ ಬಿ12 ವಿಟಮಿನ್ ಎಷ್ಟಿದೆ ನೋಡಿಸಿ, ಆ ಮಾತ್ರೆ ಅದನ್ನು ತಗ್ಗಿಸಬಹುದು. ಮೈಮೇಲೆ ಎಲ್ಲಾದರೂ ಸ್ಪರ್ಶ ಗೊತ್ತಾಗದ ಮಚ್ಚೆ ಇದ್ದರೆ ನಾಚಿಕೆ ಬಿಟ್ಟು ತೋರಿಸಿ. ಕುಷ್ಠವೂ ನರದ ಕಾಯಿಲೆಯೇ, ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ ಸಿಗುತ್ತದೆ, ವಾಸಿಯೂ ಆಗುತ್ತದೆ.

ದಿನಾ ಮಲಗುವ ಮುಂಚೆ ಅವರ ಅಂಗಾಲನ್ನು ನೀವೇ ದೀಪದ ಬೆಳಕಲ್ಲಿ ನೋಡಿ. ಸಿದ್ಧಗಂಗೆಗೋ ದೇವರಾಯನದುರ್ಗಕ್ಕೋ ಹೋದಾಗ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಬಂಡೆಯ ಮೇಲೆ ನಡೆಸಬೇಡಿ. ಬಿಸಿ ಗೊತ್ತಾಗದ ಕಾಲಿಗೆ ಬೊಬ್ಬೆ ಬಂದದ್ದೂ ಗೊತ್ತಾಗುವುದಿಲ್ಲ.

ಟೆಸ್ಟ್‌ಗೆ ಹೋಗುವಾಗ ಖಾಲಿ ಹೊಟ್ಟೆಯಲ್ಲಿ ಇರಬೇಕಾ? ಮಾತ್ರೆ ನಿಲ್ಲಿಸಬೇಕಾ?
– ಗೌರಿಬಿದನೂರಿನ ಓದುಗರು

ಊಟ, ತಿಂಡಿ ಮಾಡಿಯೇ ಹೋಗಿ. ಅವತ್ತು ಕೈಕಾಲಿಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ, ಪಟ್ಟಿ ಅಂಟುವುದಿಲ್ಲ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ರಕ್ತ ತೆಳು ಮಾಡುವ ಮಾತ್ರೆ, ಎದೆಯಲ್ಲಿ ಪೇಸ್‌ಮೇಕರ್, ಮಯಸ್ತೇನಿಯಾಗೆ (ಮಾಂಸಖಂಡ ಬೇಗ ಸೋಲುವ ಕಾಯಿಲೆ) ಮಾತ್ರೆ, ಇವು ಇದ್ದರೆ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಿ. ಚಳಿಗಾಲದಲ್ಲಿ ಬೆಳಗ್ಗೆ ಬೈಕಲ್ಲಿ ಬಂದಿದ್ದರೆ ಸ್ವಲ್ಪ ಹೊತ್ತು ಕೂತು ಕೈ ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿರುವ ಕೈಯಲ್ಲಿ ಒಂದೊಂದು ಡಿಗ್ರಿಗೂ ನರದ ಓಟ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ, ಇಲ್ಲದ ಕಾಯಿಲೆ ರಿಪೋರ್ಟ್‌ನಲ್ಲಿ ಕಾಣಬಹುದು. ಪೆಟ್ಟು ಬಿದ್ದು ನರ ಕಡಿದಿರಬಹುದು ಅನ್ನುವವರು, ಸೂಜಿ ಟೆಸ್ಟ್ ಯಾವಾಗ ಅಂತ ಡಾಕ್ಟರನ್ನು ಕೇಳಿ. ಪೆಟ್ಟಾದ ಎರಡು ಮೂರು ವಾರದ ಮೇಲೆಯೇ ಅದರಲ್ಲಿ ಪೂರ್ತಿ ಬದಲಾವಣೆ ಕಾಣುವುದು. ಹಳೇ ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ.