ಕಲಬುರಗಿಯ ಸಣ್ಣ ವರ್ಕ್‌ಶಾಪ್‌ಗೆ ಸರ್ಕಾರಿ ಆರ್ಡರ್ ಸಿಗುವುದು ಹೇಗೆ?

ಕಪನೂರಿನಲ್ಲಿ ಸ್ಟೀಲ್ ಕಪಾಟು, ಮಂಚ ಮಾಡುತ್ತೀರಿ, ಟೆಂಡರೆಲ್ಲ ದೊಡ್ಡವರಿಗೇ ಹೋಗುತ್ತದೆ ಎಂದು ಬರೆದಿದ್ದೀರಿ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಮಾಡಿಸಿ. ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ, ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ. ಆಮೇಲೆ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನಲ್ಲಿ ಮಾರಾಟಗಾರರಾಗಿ ಸೇರಿ.

ನಿಮಗೆ ಜಾಸ್ತಿ ಬಲ ಕೊಡುವುದು ಕೇಂದ್ರದ 2012ರ ಖರೀದಿ ನೀತಿ. ರೈಲ್ವೆ, ಬೀದರ್ ವಾಯುನೆಲೆಯಂಥ ಕೇಂದ್ರದ ಖರೀದಿದಾರರಿಗೆ ಇದು ಅನ್ವಯಿಸುತ್ತದೆ. ಪ್ರತಿ ಸಚಿವಾಲಯ, ಕೇಂದ್ರ ಸಾರ್ವಜನಿಕ ಉದ್ದಿಮೆ ತನ್ನ ವರ್ಷದ ಖರೀದಿಯಲ್ಲಿ ಕನಿಷ್ಠ ಶೇ. 25ನ್ನು ಸೂಕ್ಷ್ಮ, ಸಣ್ಣ ಘಟಕಗಳಿಂದ ಕೊಳ್ಳಬೇಕು. ಆ 25ರೊಳಗೇ ಶೇ. 4 ಎಸ್‌ಸಿ, ಎಸ್‌ಟಿ ಉದ್ಯಮಿಗಳಿಗೆ, ಶೇ. 3 ಮಹಿಳೆಯರಿಗೆ. ಟೆಂಡರ್ ಫಾರಂ ಉಚಿತ, ಇಎಂಡಿ (ಟೆಂಡರ್ ಜೊತೆ ಇಡುವ ಮುಂಗಡ ಠೇವಣಿ) ಕಟ್ಟಬೇಕಿಲ್ಲ. ದೊಡ್ಡ ಕಂಪನಿಯೊಂದು 100 ರೂಪಾಯಿಗೆ ಅತಿ ಕಡಿಮೆ ದರ ಹಾಕಿದೆ ಎನ್ನಿ. ನಿಮ್ಮ ದರ 115ರೊಳಗಿದ್ದು, ನೀವೂ 100ಕ್ಕೆ ಇಳಿಯಲು ಒಪ್ಪಿದರೆ ಆರ್ಡರಿನ ಕಾಲು ಭಾಗದವರೆಗೆ ನಿಮಗೆ ಸಿಗಬಹುದು. ಬರೀ ಕೊಂಡು ಮಾರುವವರಿಗೆ ಈ ಸೌಲಭ್ಯ ಇಲ್ಲ.

ರಾಜ್ಯ ಸರ್ಕಾರದ ಇಲಾಖೆಗಳ ಟೆಂಡರ್ ಬೇರೆ. ಅವು ರಾಜ್ಯದ ಖರೀದಿ ಕಾಯ್ದೆಯಾದ ಕೆಟಿಪಿಪಿ ಕಾಯ್ದೆಯಡಿ, ರಾಜ್ಯದ ಟೆಂಡರ್ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಬರುತ್ತವೆ.

ಸಣ್ಣವರು ಹಿಂಜರಿಯುವುದು ಬಿಲ್ ತಡವಾಗುತ್ತದೆ ಎಂಬ ಭಯಕ್ಕೂ ಅಲ್ವಾ? ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ಸರಕು ಒಪ್ಪಿಕೊಂಡ ಮೇಲೆ ಹಣ ಕೊಡಲು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ದಿನದ ಲೆಕ್ಕಕ್ಕೆ ದಾಖಲೆ ಬೇಕು, ಹಾಗಾಗಿ ಡೆಲಿವರಿ ಚಲನ್‌ಗೆ ಸಹಿ, ತಾರೀಖು ತಪ್ಪದೆ ಹಾಕಿಸಿಕೊಳ್ಳಿ.

ಅಧಿಕಾರಿಗಳಿಗೂ ಒಂದು ಮಾತು: ಮೂರು ಜಿಲ್ಲೆಯ ಬೇಡಿಕೆ ಸೇರಿಸಿ ಒಂದೇ ದೊಡ್ಡ ಟೆಂಡರ್ ಕರೆಯಬೇಡಿ. ತಾಲ್ಲೂಕುವಾರು ಬಿಡಿಸಿದರೆ ಯಾದಗಿರಿಯ ಸಣ್ಣ ಘಟಕವೂ ದರ ಹಾಕಬಲ್ಲದು.