1967ರ ವ್ಯಾನ್: ಬಣ್ಣ ನೋಡಿ ಅಡ್ವಾನ್ಸ್ ಕೊಡಬೇಡಿ

ಮಲ್ಪೆ ಹತ್ತಿರ ರೆಡಿ ಮಾಡಿಸಿಟ್ಟ 1967ರ ಫೋಕ್ಸ್‌ವ್ಯಾಗನ್ ವ್ಯಾನ್ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ತಗೊಳ್ಳಿ, ತುಂಬಾ ಚೆಂದದ ಗಾಡಿ ಅದು. ಆದರೆ ಹೊಳೆಯುವ ಬಣ್ಣ ನೋಡಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ ಮಾರಾಯ್ರೆ. ನಮ್ಮ ಕಡಲ ಗಾಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ. ಸಣ್ಣ ಅಯಸ್ಕಾಂತ ಹಿಡಿದುಕೊಂಡು ಹೋಗಿ. ಚಕ್ರದ ಮೇಲಿನ ತಗಡು, ಬಾಗಿಲ ಕೆಳಗಿನ ಅಂಚು, ಎಲ್ಲ ಕಡೆ ಇಟ್ಟು ನೋಡಿ. ಅಂಟಿಕೊಳ್ಳದಿದ್ದರೆ ಒಳಗೆ ಪುಟ್ಟಿ ಜಾಸ್ತಿ ತುಂಬಿದ್ದಾರೆ ಅಂತಲೇ ಲೆಕ್ಕ. ಬ್ಯಾಟರಿ ಕೂರುವ ಜಾಗವನ್ನೂ ಬಿಡಬೇಡಿ. ಇಂಜಿನ್ ಹಿಂದಿದೆ, ಗಾಳಿಯಿಂದಲೇ ತಣ್ಣಗಾಗುವಂಥದ್ದು. ಅಲ್ಲಿನ ಪೆಟ್ರೋಲ್ ಪೈಪ್ ಹಳೆಯದಾಗಿದ್ದರೆ ಬೆಂಕಿಯ ಭಯ, ಮೊದಲು ಅದನ್ನು ಬದಲಾಯಿಸಿ.

ಚಾಸಿಸ್ ನಂಬರ್ ಆರ್‌ಸಿ ಜೊತೆ ತಾಳೆ ಆಗಲೇಬೇಕು. 50 ವರ್ಷ ದಾಟಿದ್ದರಿಂದ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಆಮೇಲೆ ದಿನಾ ಓಡಿಸುವ ಹಾಗಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ.